ಒಂದೇ ಪದರದ ಅಯಸ್ಕಾಂತ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಇಂಗಾಲದ ಪರಮಾಣುಗಳ ಒಂದೇ ಪದರವಾದ ಗ್ರ್ಯಾಫೀನ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಪದರಪದರವಾಗಿ ಜೋಡಣೆಗೊಂಡ ಕೆಲವು ಹರಳುಗಳನ್ನು ಒಂದೇ ಒಂದು ಪದರ ಉಳಿಯುವಷ್ಟು ತೆಳುವಾಗಿ ಸೀಳಿದರೂ ಅವು ಅಯಸ್ಕಾಂತಗಳಾಗಿಯೇ ಉಳಿಯುತ್ತವೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದುಕೊಂಡು ಕೊಡಗಿನ ಬೇರೆಬೇರೆ ಊರುಗಳಿಂದ ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಬೇರೆಬೇರೆ ಕಡೆಯಿಂದ ಕೇಳಿರುವುದರಿಂದ ಈ ತಿಂಗಳ ಪುಟಗಳನ್ನು ಪೂರ್ತಿ ಅವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಎರಡು ಆಯಾಮದ ವಸ್ತುವಿನಲ್ಲಿ ಪರಮಶೂನ್ಯಕ್ಕಿಂತ ಮೇಲಿನ ಯಾವ ತಾಪದಲ್ಲೂ ಕಾಂತಕ್ರಮ ನಿಲ್ಲಲಾರದು ಎಂದು ಮರ್ಮಿನ್–ವ್ಯಾಗ್ನರ್ ಪ್ರಮೇಯ ಹೇಳುತ್ತದೆಂದು ನಮ್ಮ ಮೇಷ್ಟ್ರು ಪಾಠ ಮಾಡಿದ್ದಾರೆ. ನೀವು ಬರೆದದ್ದು ಅದಕ್ಕೆ ವಿರುದ್ಧವಾಗಿದೆ. ಯಾರ ಮಾತನ್ನು ನಂಬಬೇಕು?
— ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದೂ ಸರಿ, ನಾನು ಬರೆದದ್ದೂ ತಪ್ಪಲ್ಲ. ಪ್ರಮೇಯಕ್ಕೆ ಹಾಕಿರುವ ಷರತ್ತುಗಳನ್ನು ಮರೆತು ಅದರ ತೀರ್ಮಾನವನ್ನಷ್ಟೇ ನೆನಪಿಟ್ಟುಕೊಂಡಾಗ ಈ ತೊಡಕು ಹುಟ್ಟುತ್ತದೆ. ಡೇವಿಡ್ ಮರ್ಮಿನ್ ಮತ್ತು ಹರ್ಬರ್ಟ್ ವ್ಯಾಗ್ನರ್ 1966ರಲ್ಲಿ ಸಾಧಿಸಿ ತೋರಿಸಿದ್ದು ಇಷ್ಟು: ಸ್ಪಿನ್‌ಗಳ ನಡುವಿನ ಬಲವು ಹತ್ತಿರದ ನೆರೆಹೊರೆಯಲ್ಲಷ್ಟೇ ನಡೆಯುವಂಥದ್ದಾಗಿದ್ದು, ಪ್ರತಿ ಸ್ಪಿನ್ನೂ ಯಾವ ದಿಕ್ಕಿಗೆ ಬೇಕಾದರೂ ಅಷ್ಟೇ ಸಲೀಸಾಗಿ ತಿರುಗಬಲ್ಲುದಾದರೆ, ಒಂದು ಅಥವಾ ಎರಡು ಆಯಾಮದ ಅನಂತ ವಿಸ್ತಾರದ ಜಾಲದಲ್ಲಿ, ಪರಮಶೂನ್ಯಕ್ಕಿಂತ ಮೇಲಿನ ಯಾವ ತಾಪದಲ್ಲೂ ಉದ್ದಗಲಕ್ಕೆ ಹಬ್ಬಿದ ಕಾಂತಕ್ರಮ ಇರಲಾರದು. ಇಲ್ಲಿ ಸ್ಪಿನ್ ಎಂದರೆ ಪರಮಾಣುವಿನ ಎಲೆಕ್ಟ್ರಾನ್‌ಗಳಿಂದ ಅದಕ್ಕೆ ಬರುವ ಪುಟ್ಟ ಕಾಂತಗುಣ ಎಂದಿಟ್ಟುಕೊಂಡರೆ ಸಾಕು; ಅವು ಒಂದು ಶಿಸ್ತಿಗೆ ಬಂದು ಸಾಲುಗಟ್ಟಿ ನಿಲ್ಲುವುದೇ ಕಾಂತಕ್ರಮ. ಪ್ರಮೇಯದ ಜೀವ ಇರುವುದು ‘ಯಾವ ದಿಕ್ಕಿಗೆ ಬೇಕಾದರೂ ಅಷ್ಟೇ ಸಲೀಸಾಗಿ’ ಎಂಬ ಷರತ್ತಿನಲ್ಲಿ.

ಕೊಡಗಿನವರಿಗೆ ಇದರ ಕಾರಣವನ್ನು ಪುತ್ತರಿ ಕೋಲಾಟದಿಂದ ಹೇಳಬಹುದು. ಮಂದಿನಲ್ಲಿ, ಅಂದರೆ ಕೋಲಾಟದ ಬಯಲಿನಲ್ಲಿ, ಸಾವಿರಾರು ಜನ ಸೇರಿದ್ದಾರೆ, ಪ್ರತಿಯೊಬ್ಬರೂ ತಮ್ಮ ಅಕ್ಕಪಕ್ಕದವರನ್ನು ಮಾತ್ರ ನೋಡಿಕೊಂಡು ಮುಖದ ದಿಕ್ಕನ್ನು ಹೊಂದಿಸಿಕೊಳ್ಳುತ್ತಿದ್ದಾರೆ ಎಂದು ಭಾವಿಸಿ. ಪಕ್ಕದವರಿಗಿಂತ ಒಬ್ಬರು ಕೂದಲೆಳೆಯಷ್ಟು ವಾರೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಆ ವಾರೆಯ ಮೇಲೆ ಇನ್ನೊಂದು ವಾರೆ ಸೇರುತ್ತಾ ನೂರಾರು ಜನರನ್ನು ದಾಟುವಷ್ಟರಲ್ಲಿ, ಆ ತುದಿಯವರು ಈ ತುದಿಯವರಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಈಗ ಪ್ರತಿಯೊಬ್ಬರ ಕಾಲಡಿಯಲ್ಲೂ ಒಂದೇ ನೇರಕ್ಕೆ ಗೆರೆ ಎಳೆದು, ಆ ಗೆರೆಯ ಈ ತುದಿಗೋ ಆ ತುದಿಗೋ ಮುಖ ಮಾಡಬಹುದೇ ಹೊರತು ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ ಎಂದು ನಿಯಮ ಮಾಡಿದರೆ, ಸಣ್ಣ ವಾರೆಗಳು ಒಂದರ ಮೇಲೊಂದು ಕೂಡಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಭೌತಶಾಸ್ತ್ರದ ಮಾತಿನಲ್ಲಿ ಆ ವಾರೆಗಳ ಸಾಲಿಗೆ ಸ್ಪಿನ್ ಅಲೆ ಎಂದು ಹೆಸರು. ದಿಕ್ಕಿನ ಒಲವು ಏನೂ ಇಲ್ಲದಿದ್ದರೆ ಬಹಳ ಉದ್ದದ ಸ್ಪಿನ್ ಅಲೆಯನ್ನು ಎಬ್ಬಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ಮೂರು ಆಯಾಮದಲ್ಲಿ ಅಂಥ ಅಗ್ಗದ ಅಲೆಗಳ ಸಂಖ್ಯೆ ಮಿತಿಯಲ್ಲಿರುತ್ತದೆ. ಎರಡು ಆಯಾಮದಲ್ಲಿ ಅವುಗಳ ಲೆಕ್ಕ ಹಾಕಿದರೆ ಮೊತ್ತ ಅನಂತಕ್ಕೆ ಓಡುತ್ತದೆ, ಅಂದರೆ ಕ್ರಮವೇ ಕರಗುತ್ತದೆ. ಫೆಲಿಕ್ಸ್ ಬ್ಲಾಕ್ ಈ ಮಾತನ್ನು 1930ರಲ್ಲೇ ಸೂಚಿಸಿದ್ದರು. ದಿಕ್ಕಿನ ಒಲವು ಇದ್ದರೆ ಎಷ್ಟು ಉದ್ದದ ಅಲೆಯನ್ನು ಎಬ್ಬಿಸುವುದಕ್ಕೂ ಇಂತಿಷ್ಟು ಎಂಬ ಕನಿಷ್ಠ ಶಕ್ತಿಯನ್ನು ತೆರಬೇಕಾಗುತ್ತದೆ, ಆಗ ಮೊತ್ತ ಮಿತಿಗೆ ಬರುತ್ತದೆ. ಈ ಒಲವಿಗೆ ಅಸಮದಿಶತೆ ಎನ್ನುತ್ತಾರೆ. ಅದು ಅತಿ ಹೆಚ್ಚಾಗಿ, ಸ್ಪಿನ್‌ಗೆ ಮೇಲೆ–ಕೆಳಗೆ ಎಂಬ ಎರಡೇ ದಿಕ್ಕು ಉಳಿದಾಗ ಸಿಗುವುದು ಐಸಿಂಗ್ ಮಾದರಿ. ಎರ್ನ್‌ಸ್ಟ್ ಐಸಿಂಗ್ 1925ರಲ್ಲಿ ಅದನ್ನು ಒಂದೇ ಸಾಲಿನ ಮಟ್ಟಿಗೆ ಬಿಡಿಸಿ ಕ್ರಮ ಹುಟ್ಟದೆಂದು ಕಂಡುಕೊಂಡರು. ಲಾರ್ಸ್ ಆನ್ಸಾಗರ್ 1944ರಲ್ಲಿ ಎರಡು ಆಯಾಮದ ಜಾಲಕ್ಕೆ ಬಿಡಿಸಿ, ನಿರ್ದಿಷ್ಟ ತಾಪದ ಕೆಳಗೆ ಕ್ರಮ ಹುಟ್ಟಿಯೇ ತೀರುತ್ತದೆಂದು ತೋರಿಸಿದರು. ಹೀಗೆ, ಒಂದು ಪದರದ ಅಯಸ್ಕಾಂತಕ್ಕೆ ಸಿದ್ಧಾಂತದ ಒಪ್ಪಿಗೆ ಮರ್ಮಿನ್–ವ್ಯಾಗ್ನರ್ ಪ್ರಮೇಯಕ್ಕಿಂತ ಎರಡು ದಶಕ ಮೊದಲೇ ಸಿಕ್ಕಿತ್ತು. ಪ್ರಮೇಯವನ್ನು ಪ್ರಯೋಗ ಮುರಿಯಿತು ಎಂಬ ಧಾಟಿಯ ಬರಹಗಳನ್ನು ನೀವು ಓದಿದ್ದರೆ ಅವನ್ನು ಪಕ್ಕಕ್ಕಿಡಿ. ಮುರಿದದ್ದು ಏನೂ ಇಲ್ಲ.

ಹಾಗಾದರೆ ನಿಜವಾದ ವಸ್ತುವಿನಲ್ಲಿ ಆ ಒಲವು ಎಲ್ಲಿಂದ ಬರುತ್ತದೆ? 2017ರಲ್ಲಿ ಹೆಸರು ಮಾಡಿದ ಕ್ರೋಮಿಯಂ ಟ್ರೈಅಯೊಡೈಡನ್ನೇ ತೆಗೆದುಕೊಳ್ಳಿ. ಅದರ ಒಂದು ಪದರದಲ್ಲಿ ಕ್ರೋಮಿಯಂ ಪರಮಾಣುಗಳು ಷಟ್ಕೋನಗಳ ಜಾಲವಾಗಿ ಕುಳಿತಿದ್ದು, ಪ್ರತಿಯೊಂದರ ಸುತ್ತಲೂ ಆರು ಅಯೊಡಿನ್ ಪರಮಾಣುಗಳಿವೆ. ಕ್ರೋಮಿಯಂನಲ್ಲಿ ಜೋಡಿಯಿಲ್ಲದ ಮೂರು ಎಲೆಕ್ಟ್ರಾನ್‌ಗಳಿರುವುದರಿಂದ ಸ್ಪಿನ್ ಅದರದು. ಆದರೆ ಎರಡು ಕ್ರೋಮಿಯಂಗಳು ನೇರವಾಗಿ ಮಾತಾಡಿಕೊಳ್ಳುವುದಕ್ಕಿಂತ ನಡುವಿನ ಅಯೊಡಿನ್ ಮೂಲಕ ಮಾತಾಡುವುದೇ ಹೆಚ್ಚು. ಕ್ರೋಮಿಯಂ–ಅಯೊಡಿನ್–ಕ್ರೋಮಿಯಂ ಕೋನ 90 ಡಿಗ್ರಿಗೆ ಹತ್ತಿರವಿರುವುದರಿಂದ ಆ ಮಾತುಕತೆ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಅಯೊಡಿನ್ ಭಾರದ ಪರಮಾಣು. ಭಾರದ ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಗೂ ನಂಟು ಬಲವಾಗಿರುತ್ತದೆ, ಕಕ್ಷೆಗೆ ಹರಳಿನ ಆಕಾರದ ಹಂಗು ಇರುತ್ತದೆ, ಆದ್ದರಿಂದ ಸ್ಪಿನ್ ಹರಳಿನ ಸಮತಲಕ್ಕೆ ಲಂಬವಾಗಿ ನಿಲ್ಲಲು ಒಲಿಯುತ್ತದೆ. ಅಯೊಡಿನ್ ಜಾಗದಲ್ಲಿ ಹಗುರವಾದ ಕ್ಲೋರಿನ್ ಕೂರಿಸಿದ ಕ್ರೋಮಿಯಂ ಟ್ರೈಕ್ಲೋರೈಡಿನಲ್ಲಿ ಈ ಒಲವು ಬಹುಪಾಲು ಅಳಿಸಿಹೋಗಿ, ಸ್ಪಿನ್‌ಗಳು ಪದರದ ಸಮತಲದಲ್ಲೇ ಮಲಗುತ್ತವೆ. ಅಯಸ್ಕಾಂತದ ಗುಣವನ್ನು ಅಯಸ್ಕಾಂತವಲ್ಲದ ಪರಮಾಣು ನಿರ್ಧರಿಸುವ ಈ ಸಂಗತಿ ನನಗೆ ಇಡೀ ವಿಷಯದಲ್ಲೇ ಅತ್ಯಂತ ರುಚಿಕರವೆನಿಸಿದ್ದು.

ಇನ್ನೊಂದು ಷರತ್ತು ‘ಅನಂತ ವಿಸ್ತಾರ’ ಎಂಬುದು. ಪ್ರಯೋಗಾಲಯದ ಚೂರುಗಳು ಕೆಲವು ಮೈಕ್ರೋಮೀಟರ್ ಅಗಲದವು. ಮೊತ್ತ ಅನಂತಕ್ಕೆ ಓಡುವುದೂ ಲಾಗರಿದಮ್‌ನ ನಿಧಾನಗತಿಯಲ್ಲಾದ್ದರಿಂದ, ಅಷ್ಟು ಸಣ್ಣ ಚೂರಿನಲ್ಲಿ ಅದರ ಪೆಟ್ಟು ಪೂರ್ತಿ ಬೀಳುವುದೇ ಇಲ್ಲ.

ಪ್ರಶ್ನೆ: ಕಣ್ಣಿಗೇ ಕಾಣದಷ್ಟು ತೆಳುವಾದ ಪದರವನ್ನು ಬಿಡಿಸುವುದು ಹೇಗೆ, ಅದರಲ್ಲಿ ಕಾಂತಶಕ್ತಿ ಇದೆಯೆಂದು ಅಳೆದು ಹೇಳುವುದು ಹೇಗೆ? ದಿಕ್ಸೂಚಿಯ ಮುಳ್ಳು ಇದಕ್ಕೆ ಅಲುಗುತ್ತದೆಯೇ?
— ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಅಲುಗುವುದಿಲ್ಲ. ಏಕೆಂದು ಲೆಕ್ಕ ಹಾಕಿಯೇ ನೋಡೋಣ, ಆದರೆ ಮೊದಲು ಬಿಡಿಸುವ ಕೆಲಸ.

ಕ್ರೋಮಿಯಂ ಪುಡಿಯನ್ನೂ ಅಯೊಡಿನ್ನನ್ನೂ ಗಾಳಿ ತೆಗೆದ ಕ್ವಾರ್ಟ್ಜ್ ನಳಿಕೆಯಲ್ಲಿ ಮುಚ್ಚಿ, ಒಂದು ತುದಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲೂ ಇನ್ನೊಂದು ತುದಿ ಅದಕ್ಕಿಂತ ತಣ್ಣಗೂ ಇರುವಂತೆ ಕುಲುಮೆಯಲ್ಲಿ ದಿನಗಟ್ಟಲೆ ಇಟ್ಟರೆ, ಹೊಳೆಯುವ ಕಪ್ಪು ಬಿಲ್ಲೆಗಳಂತಹ ಹರಳುಗಳು ಬೆಳೆಯುತ್ತವೆ. ಒಂದು ಪದರದ ಒಳಗಿನ ಬಂಧಗಳು ಗಟ್ಟಿ. ಪದರಕ್ಕೂ ಪದರಕ್ಕೂ ನಡುವೆ ಇರುವುದು ವಾನ್ ಡರ್ ವಾಲ್ಸ್ ಬಲವೆಂಬ ಸಡಿಲ ಹಿಡಿತ. ಹೀಗಾಗಿ ಹರಳಿಗೆ ಅಂಟು ಟೇಪ್ ಒತ್ತಿ ಎತ್ತಿದರೆ ಒಂದು ಪೊರೆ ಟೇಪಿಗೆ ಬರುತ್ತದೆ. ಟೇಪನ್ನು ಮಡಿಸಿ ಬಿಡಿಸಿದಂತೆಲ್ಲ ಪೊರೆ ಇನ್ನಷ್ಟು ತೆಳುವಾಗುತ್ತದೆ. ಕೊನೆಗೆ ಟೇಪನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ನಿಧಾನವಾಗಿ ಸುಲಿದಾಗ, ಬಿಲ್ಲೆಯ ಮೇಲೆ ಸಾವಿರಾರು ಚೂರುಗಳು ಚೆಲ್ಲಿಕೊಂಡಿರುತ್ತವೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಗ್ರ್ಯಾಫೀನನ್ನು ಬೇರ್ಪಡಿಸಿ, 2010ರ ನೊಬೆಲ್ ಪಡೆದದ್ದು ಇದೇ ಉಪಾಯದಿಂದ.

ಆ ಸಾವಿರಾರು ಚೂರುಗಳಲ್ಲಿ ಒಂದು ಪದರದ್ದು ಯಾವುದು? ಸಿಲಿಕಾನ್ ಬಿಲ್ಲೆಯ ಮೇಲೆ ಸುಮಾರು 285 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಹೊದಿಕೆ ಇರುತ್ತದೆ. ಅದರಿಂದ ಮರಳುವ ಬೆಳಕಿನ ಬಣ್ಣ, ಮೇಲೆ ಕೂತ ಚೂರಿನ ದಪ್ಪಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ದಪ್ಪ ಚೂರುಗಳು ಹಳದಿ, ನೀಲಿಯಾಗಿ ಎದ್ದು ಕಂಡರೆ, ಒಂದು ಪದರದ್ದು ಹಿನ್ನೆಲೆಗಿಂತ ಒಂದು ಛಾಯೆ ಬೇರೆಯಾದ ಮಸುಕು ಕಲೆಯಾಗಿ ಕಾಣುತ್ತದೆ. ಅದರ ದಪ್ಪ 0.7 ನ್ಯಾನೋಮೀಟರ್‌ನ ಆಸುಪಾಸು. ಬಿಲ್ಲೆಯನ್ನು ಅಂಗುಲ ಅಂಗುಲವಾಗಿ ಹುಡುಕುವ ಈ ಕೆಲಸದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಎಷ್ಟೋ ಸಂಜೆಗಳು ಕಳೆಯುತ್ತವೆ ಎಂಬುದು ಪ್ರಬಂಧಗಳಲ್ಲಿ ಅಚ್ಚಾಗುವುದಿಲ್ಲ.

ಇನ್ನು ಲೆಕ್ಕ. ಉದ್ದ ಅಗಲ ತಲಾ 10 ಮೈಕ್ರೋಮೀಟರ್ ಇರುವ ಒಂದು ಪದರದ ಚೂರಿನಲ್ಲಿ ಸುಮಾರು 50 ಕೋಟಿ ಕ್ರೋಮಿಯಂ ಪರಮಾಣುಗಳಿರುತ್ತವೆ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಅವೆಲ್ಲವೂ ಒಂದೇ ದಿಕ್ಕಿಗೆ ನಿಂತರೂ ಒಟ್ಟು ಕಾಂತಶಕ್ತಿ, ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಇರುವ ಸ್ಕ್ವಿಡ್ ಎಂಬ ಅತಿ ಸೂಕ್ಷ್ಮ ಕಾಂತಮಾಪಕ ಗುರುತಿಸಬಲ್ಲ ಕನಿಷ್ಠಕ್ಕಿಂತ ನೂರಾರು ಪಟ್ಟು ಕಡಿಮೆ. ಸಾಲದ್ದಕ್ಕೆ ಚೂರು ಕೂತಿರುವ ಸಿಲಿಕಾನ್ ಬಿಲ್ಲೆಯೂ ಕಾಂತಕ್ಷೇತ್ರಕ್ಕೆ ಬಹಳ ಕ್ಷೀಣವಾಗಿ ಪ್ರತಿರೋಧ ತೋರುವ ವಸ್ತು. ಅರ್ಧ ಸೆಂಟಿಮೀಟರ್ ಬಿಲ್ಲೆಯ ಆ ಕ್ಷೀಣ ಪ್ರತಿರೋಧವೇ ನಮ್ಮ ಚೂರಿನ ಕಾಂತಶಕ್ತಿಯನ್ನು ಲಕ್ಷಗಟ್ಟಲೆ ಪಟ್ಟು ಮೀರಿಸುತ್ತದೆ. ಹರಳುಗಳ ಕಾಂತಕ್ರಮವನ್ನು ಅರಿಯಲು ದಶಕಗಳಿಂದ ಬಳಸುತ್ತಿರುವ ನ್ಯೂಟ್ರಾನ್ ಚದುರಿಕೆಯ ವಿಧಾನಕ್ಕೂ ಇಷ್ಟು ಕಡಿಮೆ ವಸ್ತು ಸಾಲದು.

ಆದ್ದರಿಂದ ಅಳತೆಯ ಉಪಕರಣವನ್ನೇ ಚೂರಿನ ಗಾತ್ರಕ್ಕೆ ಇಳಿಸಬೇಕು. ಅದನ್ನು ಮಾಡಿಕೊಟ್ಟದ್ದು ಬೆಳಕು. ಸ್ಕಾಟ್ಲೆಂಡಿನ ಜಾನ್ ಕೆರ್, ಅಯಸ್ಕಾಂತದ ಮೈಯಿಂದ ಪ್ರತಿಫಲಿಸಿದ ಧ್ರುವೀಕೃತ ಬೆಳಕಿನ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ, ಕಂಪನದ ದಿಕ್ಕು ತುಸು ತಿರುಗುತ್ತದೆ ಎಂಬುದನ್ನು 1870ರ ದಶಕದಲ್ಲಿ ಕಂಡುಕೊಂಡಿದ್ದರು. ಲೇಸರ್ ಕಿರಣವನ್ನು ಮಸೂರದಿಂದ ಒಂದು ಮೈಕ್ರೋಮೀಟರ್ ಚುಕ್ಕೆಯಾಗಿ ಕೂಡಿಸಿ ಚೂರಿನ ಮೇಲೆ ಬಿಟ್ಟರೆ, ಬೆಳಕು ನೋಡುವುದು ಚೂರಿನ ಮೇಲ್ಮೈಯನ್ನು ಮಾತ್ರ. ಸಿಲಿಕಾನ್ ಬಿಲ್ಲೆಯ ಒಟ್ಟು ತೂಕ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನ ಕಾಂತಕ್ಷೇತ್ರವನ್ನು ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ನಿಧಾನವಾಗಿ ಬದಲಿಸುತ್ತಾ, ಬೆಳಕು ತಿರುಗಿದ ಕೋನವನ್ನು ದಾಖಲಿಸುತ್ತಾರೆ. ಕ್ಷೇತ್ರ ಸೊನ್ನೆಗೆ ಬಂದಾಗಲೂ ಕೋನ ಸೊನ್ನೆಗಿಳಿಯದೆ, ಕ್ಷೇತ್ರ ಎದುರು ದಿಕ್ಕಿಗೆ ಸ್ವಲ್ಪ ಹೋದ ಮೇಲೆ ಒಮ್ಮೆಗೇ ಮಗುಚಿಕೊಂಡರೆ, ಅದು ಕಾಂತತ್ವ ತನ್ನನ್ನು ತಾನೇ ಹಿಡಿದುಕೊಂಡಿರುವುದರ ಗುರುತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಷಿಯಾವ್‌ಡಾಂಗ್ ಶೂ ಮತ್ತು ಎಂಐಟಿಯ ಪಾಬ್ಲೊ ಹರೀಯೊ–ಹೆರೆರೊ ಅವರ ತಂಡಗಳು 2017ರಲ್ಲಿ ಒಂದು ಪದರದ ಕ್ರೋಮಿಯಂ ಟ್ರೈಅಯೊಡೈಡಿನಲ್ಲಿ ಕಂಡದ್ದು ಇದನ್ನೇ. ಕೋನ ಸುಮಾರು 5 ಮಿಲಿರೇಡಿಯನ್, ಅಂದರೆ ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಆದರೂ ಇಷ್ಟು ತೆಳುವಾದ ವಸ್ತುವಿಗೆ ಅದು ಬೆರಗುಗೊಳಿಸುವಷ್ಟು ದೊಡ್ಡದು. ಈ ಕ್ರಮ ಸುಮಾರು 45 ಕೆಲ್ವಿನ್‌ವರೆಗೆ, ಅಂದರೆ ಸೊನ್ನೆಗಿಂತ 228 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ, ಉಳಿಯಿತು. ದಪ್ಪ ಹರಳಿನಲ್ಲಿ ಅದು 61 ಕೆಲ್ವಿನ್. ಈ ಶೋಧ ಪ್ರಕಟವಾದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬರ್ಕ್ಲಿಯ ತಂಡವೊಂದು ಕ್ರೋಮಿಯಂ ಜರ್ಮೇನಿಯಂ ಟೆಲ್ಯುರೈಡಿನ ಎರಡು ಪದರದಲ್ಲಿ ಕಾಂತತ್ವವನ್ನು ವರದಿ ಮಾಡಿತು.

ಬೆಳಕಿನಲ್ಲೇ ಇನ್ನೊಂದು ದಾರಿಯಿದೆ, ಅದು ನಮ್ಮ ಊರಿನ ಕಡೆಯದು. ಪ್ರತಿಕಾಂತಗಳಲ್ಲಿ ನೆರೆಯ ಸ್ಪಿನ್‌ಗಳು ಎದುರುಬದುರು ನಿಲ್ಲುವುದರಿಂದ ಒಟ್ಟು ಕಾಂತಶಕ್ತಿ ಸೊನ್ನೆ. ಕೆರ್ ವಿಧಾನಕ್ಕೆ ಅಲ್ಲಿ ಹಿಡಿಯಲು ಏನೂ ಸಿಗದು. ಆದರೆ ಸ್ಪಿನ್‌ಗಳು ಒಂದು ಬಿಟ್ಟು ಒಂದರಂತೆ ಸಾಲುಗಟ್ಟಿದಾಗ ಜಾಲದ ಪುನರಾವರ್ತನೆಯ ಅಳತೆ ದೊಡ್ಡದಾಗಿ, ವಸ್ತುವಿನಿಂದ ಚದುರಿದ ಬೆಳಕಿನ ಬಣ್ಣ ತುಸು ಬದಲಾಗುವುದನ್ನು ದಾಖಲಿಸುವ ರಾಮನ್ ವರ್ಣಪಟಲದಲ್ಲಿ ಹೊಸ ಗೆರೆಗಳು ಮೂಡುತ್ತವೆ. ಐರನ್ ಫಾಸ್ಫರಸ್ ಟ್ರೈಸಲ್ಫೈಡ್ ಎಂಬ ವಸ್ತುವಿನಲ್ಲಿ ಸುಮಾರು 118 ಕೆಲ್ವಿನ್‌ಗಿಂತ ಕೆಳಗೆ ಒಂದು ಪದರದಲ್ಲೂ ಆ ಗೆರೆಗಳು ಕಾಣುತ್ತವೆ ಎಂದು ದಕ್ಷಿಣ ಕೊರಿಯಾದ ಸಂಶೋಧಕರು 2016ರಲ್ಲೇ, ಅಂದರೆ ಹೆಚ್ಚು ಸದ್ದು ಮಾಡಿದ ಶೋಧಗಳಿಗಿಂತ ಒಂದು ವರ್ಷ ಮೊದಲೇ, ತೋರಿಸಿದ್ದರು. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ, ಅವರು ತಮ್ಮ ಉತ್ತರಾರ್ಧದ ಬದುಕನ್ನು ಕಳೆದ ಬೆಂಗಳೂರಿನಿಂದ ಹಿಡಿದು ಕೊರಿಯಾದ ಸೋಲ್‌ವರೆಗೆ ಇಂದು ಇಂಥ ಕೆಲಸಕ್ಕೆ ದಿನನಿತ್ಯದ ಸಲಕರಣೆಯಾಗಿದೆ.

ಇದರ ಜೊತೆಗೆ ವಜ್ರದ ವಿಧಾನವೂ ಇದೆ. ವಜ್ರದಲ್ಲಿ ಒಂದು ಇಂಗಾಲದ ಜಾಗದಲ್ಲಿ ಸಾರಜನಕ ಕೂತು, ಪಕ್ಕದ ಜಾಗ ಖಾಲಿ ಉಳಿದರೆ ಆ ದೋಷವೇ ಒಂದು ಪರಮಾಣು ಗಾತ್ರದ ಕಾಂತಮಾಪಕ. ಅಂಥ ಒಂದು ದೋಷವಿರುವ ವಜ್ರದ ಮೊನೆಯನ್ನು ಚೂರಿನ ಮೇಲೆ ಕೆಲವು ಹತ್ತಾರು ನ್ಯಾನೋಮೀಟರ್ ಎತ್ತರದಲ್ಲಿ ಓಡಿಸಿ, ಅಲ್ಲಿನ ಕಾಂತಕ್ಷೇತ್ರದ ನಕಾಶೆಯನ್ನೇ ಬಿಡಿಸಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2019ರಲ್ಲಿ ಹೀಗೆ ಮಾಡಿ, ಒಂದು ಪದರದ ಕಾಂತತ್ವವನ್ನು ಇದೆ–ಇಲ್ಲ ಎಂಬ ಮಟ್ಟದಿಂದ ಇಷ್ಟಿದೆ ಎಂಬ ಅಂಕಿಯ ಮಟ್ಟಕ್ಕೆ ತಂದರು.

ಅಳತೆಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. 2018ರಲ್ಲಿ ವನೇಡಿಯಂ ಡೈಸೆಲೆನೈಡಿನ ಒಂದು ಪದರ ಕೋಣೆಯ ತಾಪದಲ್ಲೇ ಅಯಸ್ಕಾಂತವೆಂದು ಪ್ರತಿಷ್ಠಿತ ಪತ್ರಿಕೆಯಲ್ಲಿ ವರದಿಯಾಯಿತು; ಬೇರೆ ತಂಡಗಳು ಬೇರೆ ವಿಧಾನಗಳಿಂದ ಅಳೆದಾಗ ಆ ಕಾಂತತ್ವ ಕಾಣಲಿಲ್ಲ, ಪ್ರಶ್ನೆ ವಿವಾದಕ್ಕೆ ತಿರುಗಿತು. ಉಕ್ಕಿನ ಚಿಮುಟದಿಂದ ಉದುರಿದ ಕಣ್ಣಿಗೆ ಕಾಣದ ಕಬ್ಬಿಣದ ಕಣವೊಂದು ಸಾಕು, ಒಟ್ಟು ಕಾಂತಶಕ್ತಿ ಅಳೆಯುವ ಉಪಕರಣವನ್ನು ದಾರಿ ತಪ್ಪಿಸಲು. ಆದ್ದರಿಂದಲೇ ಈ ಕ್ಷೇತ್ರದವರು ಪ್ಲಾಸ್ಟಿಕ್ ಚಿಮುಟ ಹಿಡಿಯುತ್ತಾರೆ. ಒಂದೇ ವಿಧಾನದ ಮೇಲೆ ನಿಂತ ಘೋಷಣೆಯನ್ನು ನಾನಂತೂ ಅರ್ಧ ಕಿವಿಯಿಂದಲೇ ಕೇಳುತ್ತೇನೆ.

ಪ್ರಶ್ನೆ: ಒಂದು ಪದರ ಅಯಸ್ಕಾಂತವಾದರೆ ಎರಡು ಪದರಕ್ಕೆ ಶಕ್ತಿ ಇಮ್ಮಡಿಯಾಗಬೇಕಲ್ಲವೇ?
— ನಿವೃತ್ತ ಶಿಕ್ಷಕರು, ಕುಶಾಲನಗರ

ಉತ್ತರ: ಹಾಗೆಂದೇ ಎಲ್ಲರೂ ಎಣಿಸಿದ್ದರು. ಕ್ರೋಮಿಯಂ ಟ್ರೈಅಯೊಡೈಡಿನ ಎರಡು ಪದರದ ಚೂರನ್ನು ಅಳೆದಾಗ ಕೆರ್ ಕೋನ ಇಮ್ಮಡಿಯಾಗುವ ಬದಲು ಸೊನ್ನೆಯಾಗಿತ್ತು. ಮೂರು ಪದರದಲ್ಲಿ ಕಾಂತತ್ವ ಮತ್ತೆ ಕಾಣಿಸಿಕೊಂಡಿತು. ಪ್ರತಿ ಪದರವೂ ತನ್ನೊಳಗೆ ಪೂರ್ಣ ಅಯಸ್ಕಾಂತವೇ. ಆದರೆ ಪಕ್ಕದ ಪದರ ಎದುರು ದಿಕ್ಕಿಗೆ ನಿಲ್ಲುತ್ತದೆ. ಎರಡು ಪದರವಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ, ಮೂರಿದ್ದರೆ ಒಂದು ಉಳಿಯುತ್ತದೆ. ಎರಡು ಪದರದ ಚೂರಿಗೆ ಸುಮಾರು 0.6ರಿಂದ 0.7 ಟೆಸ್ಲಾ ಕಾಂತಕ್ಷೇತ್ರ ಒಡ್ಡಿದರೆ, ಎರಡೂ ಪದರಗಳು ಹಠ ಬಿಟ್ಟು ಒಂದೇ ದಿಕ್ಕಿಗೆ ಜಿಗಿಯುತ್ತವೆ.

ವಿಚಿತ್ರವೆಂದರೆ ಇದೇ ವಸ್ತುವಿನ ದಪ್ಪ ಹರಳಿನಲ್ಲಿ ಎಲ್ಲ ಪದರಗಳೂ ಒಂದೇ ದಿಕ್ಕಿಗೆ ನಿಂತಿರುತ್ತವೆ. ಅದು 1960ರ ದಶಕದಿಂದಲೇ ಗೊತ್ತಿದ್ದ ಸಂಗತಿ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಿದವರಿಗೆ ಸಿಕ್ಕ ಉತ್ತರ, ಒಂದು ಪದರ ಇನ್ನೊಂದರ ಮೇಲೆ ಕೂರುವ ರೀತಿ. ದಪ್ಪ ಹರಳು ತಣ್ಣಗಾಗುವಾಗ ಅದರ ಪದರಗಳು ತುಸು ಪಕ್ಕಕ್ಕೆ ಜಾರಿ ಬೇರೆ ಜೋಡಣೆಗೆ ಬರುತ್ತವೆ. ತೆಳು ಚೂರುಗಳು ಹಾಗೆ ಜಾರದೆ, ಕೋಣೆಯ ತಾಪದ ಜೋಡಣೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಪರಮಾಣುವಿನ ಅಗಲದ ಒಂದು ಅಂಶದಷ್ಟು ಜಾರುವಿಕೆ, ಪದರಗಳ ನಡುವಿನ ಕಾಂತಸಂಬಂಧದ ಚಿಹ್ನೆಯನ್ನೇ ಬದಲಿಸಿಬಿಡುತ್ತದೆ. ಚೂರಿನ ಮೇಲೆ ಒತ್ತಡ ಹಾಕಿ ಪದರಗಳನ್ನು ಬಲವಂತವಾಗಿ ಜಾರಿಸಿ, ಎದುರುಬದುರಾಗಿದ್ದ ಪದರಗಳನ್ನು ಒಂದೇ ದಿಕ್ಕಿಗೆ ತಂದ ಪ್ರಯೋಗಗಳು 2019ರಲ್ಲಿ ಪ್ರಕಟವಾದವು. 2021ರಲ್ಲಿ ಎರಡು ಪದರಗಳನ್ನು ಸಣ್ಣ ಕೋನದಲ್ಲಿ ತಿರುಚಿ ಕೂರಿಸಿದಾಗ, ಒಂದೇ ಚೂರಿನಲ್ಲಿ ಪದರಗಳು ಒಂದೇ ದಿಕ್ಕಿಗೆ ನಿಂತ ಜಾಗಗಳೂ ಎದುರುಬದುರು ನಿಂತ ಜಾಗಗಳೂ ವಿನ್ಯಾಸವಾಗಿ ಮೂಡಿದವು. ಕಬ್ಬಿಣದ ತುಂಡಿನಲ್ಲಿ ಇಂಥ ಆಟಕ್ಕೆ ಅವಕಾಶವೇ ಇಲ್ಲ. ತೆಳುವಿಕೆಗಿಂತ ಈ ಜೋಡಣೆಯ ಸ್ವಾತಂತ್ರ್ಯಕ್ಕಾಗಿಯೇ ಈ ವಸ್ತುಗಳನ್ನು ಅಭ್ಯಾಸ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಮಡಿಕೇರಿಯ ಮಳೆಗಾಲದಲ್ಲಿ ಬೀರುವಿನ ಒಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಒಂದು ಪರಮಾಣುವಿನಷ್ಟು ತೆಳುವಾದ ಇಂಥ ಪದಾರ್ಥ ಇಲ್ಲಿ ಉಳಿದೀತೇ? ಇದರಿಂದ ಮೊಬೈಲು, ಕಂಪ್ಯೂಟರಿಗೆ ಏನು ಲಾಭ?
— ಗೃಹಿಣಿ, ಮಡಿಕೇರಿ

ಉತ್ತರ: ಮಡಿಕೇರಿಯ ಮಳೆಗಾಲದ ಮಾತಿರಲಿ, ಬೇಸಿಗೆಯ ಒಣಗಾಳಿಯಲ್ಲೂ ಕ್ರೋಮಿಯಂ ಟ್ರೈಅಯೊಡೈಡಿನ ತೆಳು ಚೂರು ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ. ಗಾಳಿಯ ತೇವ ಅಯೊಡಿನ್ನನ್ನು ಕಿತ್ತು ಆ ಜಾಗಕ್ಕೆ ತಾನು ಸೇರಿಕೊಳ್ಳುತ್ತದೆ, ಚೂರು ಸಣ್ಣ ಸಣ್ಣ ಹನಿಗಳಾಗಿ ಕರಗುತ್ತದೆ. ಸೂಕ್ಷ್ಮದರ್ಶಕದ ದೀಪ ಬಿದ್ದರೆ ಈ ಕ್ರಿಯೆ ಇನ್ನೂ ವೇಗವಾಗುತ್ತದೆ. ಹೀಗಾಗಿ ಟೇಪ್ ಎಳೆಯುವುದರಿಂದ ಹಿಡಿದು ಚೂರು ಹುಡುಕುವವರೆಗಿನ ಎಲ್ಲ ಕೆಲಸವೂ ಆರ್ಗಾನ್ ಅಥವಾ ಸಾರಜನಕ ತುಂಬಿದ, ಕೈಗವಸು ಜೋಡಿಸಿದ ಗಾಜಿನ ಪೆಟ್ಟಿಗೆಯಲ್ಲಿ ನಡೆಯುತ್ತದೆ. ಅದರೊಳಗೆ ನೀರಾವಿಯನ್ನೂ ಆಮ್ಲಜನಕವನ್ನೂ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇಟ್ಟಿರುತ್ತಾರೆ. ಹೊರಗೆ ತೆಗೆಯುವ ಮೊದಲು ಚೂರಿನ ಮೇಲೆ ಕೆಳಗೆ ಬೋರಾನ್ ನೈಟ್ರೈಡ್ ಎಂಬ ಇನ್ನೊಂದು ಪದರವಸ್ತುವಿನ ಹಾಳೆಗಳನ್ನು ಹೊದಿಸುತ್ತಾರೆ. ಜಗತ್ತಿನ ಬಹುಪಾಲು ಪ್ರಯೋಗಾಲಯಗಳಿಗೆ ಒಳ್ಳೆಯ ಬೋರಾನ್ ನೈಟ್ರೈಡ್ ಹರಳು ಬಂದದ್ದು ಜಪಾನಿನ ಸುಕುಬಾದ ಇಬ್ಬರು ವಿಜ್ಞಾನಿಗಳಿಂದ, ತಾನಿಗುಚಿ ಮತ್ತು ವಾತಾನಾಬೆ ಅವರಿಂದ. ಎಲ್ಲ ಪದರಕಾಂತಗಳೂ ಇಷ್ಟು ನಾಜೂಕಲ್ಲ. ಕ್ರೋಮಿಯಂ ಸಲ್ಫೈಡ್ ಬ್ರೋಮೈಡ್ ಗಾಳಿಯಲ್ಲೂ ತಾಳಿಕೊಳ್ಳುತ್ತದೆ, ಅದರ ಕಾಂತಕ್ರಮ ಸುಮಾರು 132 ಕೆಲ್ವಿನ್‌ವರೆಗೆ ಇರುತ್ತದೆ.

ಲಾಭದ ಮಾತಿಗೆ ಬಂದರೆ, ಇವತ್ತು ನಿಮ್ಮ ಮೊಬೈಲಿನಲ್ಲಿ ಇಂಥ ವಸ್ತು ಇಲ್ಲ, ಬೇಗನೆ ಬಂದೀತೆಂದು ನಾನು ಆಸೆ ಹುಟ್ಟಿಸಲಾರೆ. ಆಸಕ್ತಿಗೆ ಕಾರಣವಂತೂ ಗಟ್ಟಿಯಾಗಿದೆ. ನಾಲ್ಕು ಪದರದ ಕ್ರೋಮಿಯಂ ಟ್ರೈಅಯೊಡೈಡನ್ನು ಎರಡು ಗ್ರ್ಯಾಫೀನ್ ಹಾಳೆಗಳ ನಡುವೆ ಇಟ್ಟು ವಿದ್ಯುತ್ ಹರಿಸಿದಾಗ, ಪದರಗಳು ಎದುರುಬದುರಾಗಿದ್ದರೆ ಎಲೆಕ್ಟ್ರಾನ್‌ಗಳು ದಾಟುವುದೇ ಕಷ್ಟ. ಕಾಂತಕ್ಷೇತ್ರದಿಂದ ಎಲ್ಲವನ್ನೂ ಒಂದೇ ದಿಕ್ಕಿಗೆ ತಂದರೆ ಅಡ್ಡಿ ಬಿದ್ದುಹೋಗುತ್ತದೆ. ಎರಡು ಸ್ಥಿತಿಗಳ ನಡುವಿನ ಅಂತರ ಶೇ. 19,000ದವರೆಗೆ ಇದೆಯೆಂದು 2018ರಲ್ಲಿ ವರದಿಯಾಗಿದೆ, ಆದರೆ ಅದು ಅತಿ ಶೀತದಲ್ಲಿ. ಮಾಹಿತಿಯನ್ನು ಬರೆಯಲೂ ಓದಲೂ ಇಂಥದ್ದೇ ವ್ಯತ್ಯಾಸ ಬೇಕು. ತಾಪದ ತೊಡಕನ್ನು ದಾಟುವ ಯತ್ನಗಳೂ ಸಾಗಿವೆ: ಐರನ್ ಜರ್ಮೇನಿಯಂ ಟೆಲ್ಯುರೈಡಿನ ತೆಳು ಚೂರಿಗೆ ಲಿಥಿಯಂ ಅಯಾನುಗಳ ಮೂಲಕ ಎಲೆಕ್ಟ್ರಾನ್‌ಗಳನ್ನು ತುಂಬಿ ಅದರ ಕಾಂತಕ್ರಮವನ್ನು ಕೋಣೆಯ ತಾಪದವರೆಗೆ ಏರಿಸಿದ್ದು 2018ರಲ್ಲಿ, ಜರ್ಮೇನಿಯಂ ಬದಲು ಗ್ಯಾಲಿಯಂ ಇರುವ ಅದರ ಸೋದರ ವಸ್ತು ಯಾವ ತುಂಬುವಿಕೆಯೂ ಇಲ್ಲದೆ 350 ಕೆಲ್ವಿನ್‌ಗೂ ಮೇಲೆ ಅಯಸ್ಕಾಂತವಾಗಿರುತ್ತದೆಂದು ತಿಳಿದದ್ದು 2022ರಲ್ಲಿ. ಟೇಪಿನಿಂದ ಎಳೆದ ಒಂದೊಂದೇ ಚೂರಿನ ಬದಲು ಅಂಗೈಯಗಲದ ಬಿಲ್ಲೆಯ ತುಂಬ ಸಮನಾದ ಪದರವನ್ನು ಬೆಳೆಸುವುದು ಕಲಿತ ದಿನ ಈ ಪ್ರಶ್ನೆಗೆ ಉತ್ತರ ಬದಲಾದೀತು.

ಪ್ರಶ್ನೆ: ಕೈಗವಸಿನ ಪೆಟ್ಟಿಗೆಯೂ ಅತಿ ಶೀತಕ್ಕೆ ಬೇಕಾದ ದ್ರವ ಹೀಲಿಯಮ್ಮೂ ಇಲ್ಲದ ನಮ್ಮಂಥ ಕಾಲೇಜಿನಲ್ಲಿ ಮಕ್ಕಳಿಗೆ ಇದನ್ನು ಮುಟ್ಟಿ ತೋರಿಸುವ ದಾರಿ ಇದೆಯೇ? ಮುಂದೆ ಓದುವವರು ಎಲ್ಲಿಗೆ ಹೋಗಬೇಕು?
— ಪಿಯು ಉಪನ್ಯಾಸಕರು, ಸೋಮವಾರಪೇಟೆ

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಬಿ.ಎಸ್ಸಿ. ನಂತರ ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಥವಾ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಮಗ್ರ ಪಿಎಚ್.ಡಿ.ಗೆ ಸೇರುವುದು ಒಂದು ದಾರಿ, ಎಂ.ಎಸ್ಸಿ. ಮುಗಿಸಿ ನೆಟ್, ಗೇಟ್ ಅಥವಾ ಜೆಸ್ಟ್ ಪರೀಕ್ಷೆಯ ಮೂಲಕ ಪಿಎಚ್.ಡಿ.ಗೆ ಹೋಗುವುದು ಇನ್ನೊಂದು.

ಮುಟ್ಟಿ ತೋರಿಸುವುದಕ್ಕೆ, ಪದರದ ಹರಳು ಎಂದರೇನೆಂದು ಅರಿಯಲು ಕಾಗೆಬಂಗಾರಕ್ಕಿಂತ ಒಳ್ಳೆಯ ವಸ್ತು ಇಲ್ಲ. ಹಳೆಯ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರ ಬಳಿ ಅದರ ಹಾಳೆ ಸಿಗುತ್ತದೆ. ಬ್ಲೇಡಿನ ಮೊನೆಯಿಂದ ಅಂಚನ್ನು ಬಿಡಿಸಿ ಟೇಪಿನಿಂದ ಎಳೆಯುತ್ತಾ ಹೋದರೆ, ಹಾಳೆ ತೆಳುವಾದಂತೆ ಅದರ ಮೇಲೆ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ಬಣ್ಣ ನೋಡಿ ದಪ್ಪ ಹೇಳುವುದು ಎಂದರೇನೆಂದು ಮಕ್ಕಳಿಗೆ ಅಲ್ಲೇ ಹೊಳೆಯುತ್ತದೆ. ಕ್ಯೂರಿ ತಾಪ, ಅಂದರೆ ಅಯಸ್ಕಾಂತ ತನ್ನ ಕ್ರಮ ಕಳೆದುಕೊಳ್ಳುವ ತಾಪ, ತೋರಿಸಲು ನಿಕ್ಕಲ್ ತಂತಿ ಸಾಕು: ಕಬ್ಬಿಣಕ್ಕೆ 770 ಡಿಗ್ರಿ ಸೆಲ್ಸಿಯಸ್ ಬೇಕು, ನಿಕ್ಕಲಿಗೆ 358 ಡಿಗ್ರಿ. ದಾರಕ್ಕೆ ಬದಲು ಸಣ್ಣ ತಾಮ್ರದ ತಂತಿಯಿಂದ ನಿಕ್ಕಲನ್ನು ತೂಗುಬಿಟ್ಟು, ಪಕ್ಕದ ಅಯಸ್ಕಾಂತ ಅದನ್ನು ಓರೆಯಾಗಿ ಸೆಳೆದಿರುವಾಗ ಬರ್ನರ್ ಹಿಡಿದರೆ, ಕಾದ ನಿಕ್ಕಲ್ ಬಿಟ್ಟು ಬೀಳುತ್ತದೆ. ತಣ್ಣಗಾದಾಗ ಮತ್ತೆ ಸೆಳೆಯಲ್ಪಡುತ್ತದೆ.

ಇವೆರಡಕ್ಕಿಂತಲೂ ನಾನು ಒತ್ತಿ ಹೇಳುವುದು ಕಂಪ್ಯೂಟರಿನಲ್ಲಿ ಐಸಿಂಗ್ ಮಾದರಿಯನ್ನು ಬರೆಯಿಸುವುದನ್ನು. 50 ಅಡ್ಡಸಾಲು, 50 ಕಂಬಸಾಲುಗಳ ಚೌಕದಲ್ಲಿ ಪ್ರತಿ ಮನೆಗೂ +1 ಅಥವಾ −1 ಕೊಡಿ. ಯಾವುದಾದರೂ ಒಂದು ಮನೆಯನ್ನು ಚೀಟಿ ಎತ್ತಿದಂತೆ ಆರಿಸಿ, ಅದರ ಚಿಹ್ನೆಯನ್ನು ಮಗುಚಿದರೆ ನಾಲ್ಕು ನೆರೆಮನೆಗಳ ಜೊತೆಗಿನ ಶಕ್ತಿ ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕಿ. ಶಕ್ತಿ ಇಳಿಯುವುದಾದರೆ ಮಗುಚಿ, ಏರುವುದಾದರೆ ತಾಪಕ್ಕೆ ತಕ್ಕ ಸಂಭವನೀಯತೆಯಿಂದ ಮಾತ್ರ ಮಗುಚಿ. ಹತ್ತು ಹದಿನೈದು ಸಾಲಿನ ಪ್ರೋಗ್ರಾಂ, ಯಾವ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬಲದ ಅಳತೆಯನ್ನು 1 ಎಂದಿಟ್ಟುಕೊಂಡರೆ, ತಾಪ 2.269ರ ಕೆಳಗೆ ಇಡೀ ಚೌಕ ಒಂದೇ ಚಿಹ್ನೆಗೆ ವಾಲುವುದನ್ನು, ಮೇಲೆ ಕಲಸಿಹೋಗುವುದನ್ನು ಮಕ್ಕಳು ಪರದೆಯ ಮೇಲೆ ನೋಡಬಹುದು. ಆ ಅಂಕಿ ಆನ್ಸಾಗರ್ ಪರಿಹಾರದಿಂದ ನೇರವಾಗಿ ಬಂದದ್ದು. ಚುರುಕಿನ ವಿದ್ಯಾರ್ಥಿಗಳಿದ್ದರೆ ಮುಂದಿನ ಹೆಜ್ಜೆಯಾಗಿ ಸ್ಪಿನ್‌ಗಳಿಗೆ ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ ಕೊಟ್ಟು, ಚೌಕವನ್ನು ದೊಡ್ಡದು ಮಾಡುತ್ತಾ ಒಟ್ಟು ಕಾಂತತ್ವ ಹೇಗೆ ಕುಗ್ಗುತ್ತದೆಂದು ಅಳೆಯಲು ಹೇಳಿ. ಆಮೇಲೆ ಲಂಬ ದಿಕ್ಕಿಗೆ ಅಲ್ಪ ಒಲವನ್ನು ಸೇರಿಸಿ ಮತ್ತೆ ಅಳೆಯಲಿ.

ಒಂದು ಎಚ್ಚರಿಕೆ ಮಾತ್ರ ಕೊಡಿ. 2.269ರ ಹತ್ತಿರ ಹೋದಂತೆ ದೊಡ್ಡ ದೊಡ್ಡ ತೇಪೆಗಳು ಮೂಡಿ ಬಹಳ ನಿಧಾನವಾಗಿ ಚಲಿಸುತ್ತವೆ. ಅಲ್ಲಿ ಅವಸರದಲ್ಲಿ ತೆಗೆದ ಸರಾಸರಿಗಳು ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ತಾಳೆಯಾಗುವುದಿಲ್ಲ, ಆದ್ದರಿಂದ ಆ ತಾಪಗಳಿಗೆ ಉಳಿದವುಗಳಿಗಿಂತ ಹತ್ತಾರು ಪಟ್ಟು ಹೆಚ್ಚು ಹೊತ್ತು ಪ್ರೋಗ್ರಾಂ ಓಡಿಸಬೇಕು.